ಬೆಳಕಿಗೆ ದಾರಿ ಗೊತ್ತಾಗುವುದು ಹೇಗೆ?



ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದನ್ನು ನಾವೆಲ್ಲ ನೋಡಿದ್ದೇವೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಏಕೆ ಬಾಗಬೇಕು?

1662ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯೆರ್ ದ ಫರ್ಮಾ ಉತ್ತರ ಕೊಟ್ಟರು: ಬೆಳಕು ಹಿಡಿಯುವುದು ಅತಿ ಕಡಿಮೆ ಹೊತ್ತಿನ ದಾರಿ. ಕೆಸರುಗದ್ದೆಯ ಆಚೆಗಿರುವ ಮರವನ್ನು ಬೇಗ ಮುಟ್ಟಬೇಕಾದವನು ನೇರವಾಗಿ ಕೆಸರಿಗಿಳಿಯುವುದಿಲ್ಲ. ಗಟ್ಟಿ ನೆಲದ ಮೇಲೆ ತುಸು ಹೆಚ್ಚು ನಡೆದು, ಕೆಸರಿನ ನಡಿಗೆಯನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಬೆಳಕಿಗೆ ನೀರೇ ಕೆಸರು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವ ಅದು ನೀರಿನಲ್ಲಿ ಸುಮಾರು 2.25 ಲಕ್ಷ ಕಿ.ಮೀ. ಮಾತ್ರ ಓಡುತ್ತದೆ. ನೀರಿನಲ್ಲಿ ಬೆಳಕು ನಿಧಾನ ಎಂಬುದನ್ನು 1850ರಲ್ಲಿ ವಿಜ್ಞಾನಿ ಫೂಕೊ ಪ್ರಯೋಗದಿಂದ ತೋರಿಸಿದರು.

ಆದರೆ 1662ರಲ್ಲೇ ತತ್ವಜ್ಞಾನಿ ದೆಕಾರ್ತನ ಅನುಯಾಯಿ ಕ್ಲೆರ್ಸೆಲಿಯೆ ಆಕ್ಷೇಪವೆತ್ತಿದ್ದರು. ಹೊರಡುವ ಮೊದಲೇ ಬೆಳಕಿಗೆ ಬೇಗ ತಲುಪುವ ದಾರಿ ಗೊತ್ತಾಗುವುದು ಹೇಗೆ? ಪ್ರಕೃತಿಗೆ ಆಯ್ಕೆ ಮಾಡುವ ಬುದ್ಧಿ ಇದೆಯೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ.

ಮುಂದೆ ಮೊಪೆರ್ತುಯಿ, ಆಯ್ಲರ್, ಲಗ್ರಾಂಜ್, ಹ್ಯಾಮಿಲ್ಟನ್ ಎಂಬ ಗಣಿತಜ್ಞರು ಫರ್ಮಾ ಅವರ ಈ ತತ್ವವನ್ನು ಎಸೆದ ಕಲ್ಲಿಗೂ ಸುತ್ತುವ ಗ್ರಹಕ್ಕೂ ವಿಸ್ತರಿಸಿದರು. ಅಲ್ಲಿ ಲೆಕ್ಕ ಹೊತ್ತಿನದಲ್ಲ. ಚಲನಶಕ್ತಿಯಲ್ಲಿ ಸ್ಥಿತಿಶಕ್ತಿಯನ್ನು ಕಳೆದು, ದಾರಿಯುದ್ದಕ್ಕೂ ಕ್ಷಣಕ್ಷಣವೂ ಕೂಡಿಸಿದ ಮೊತ್ತದ್ದು. ಅದಕ್ಕೆ 'ಕ್ರಿಯೆ' ಎಂದು ಹೆಸರು. ಕ್ಲೆರ್ಸೆಲಿಯೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

1933ರಲ್ಲಿ ಭೌತವಿಜ್ಞಾನಿ ಡಿರಾಕ್ ಕೊಟ್ಟ ಸುಳಿವನ್ನು ಹಿಡಿದು, 1948ರಲ್ಲಿ ರಿಚರ್ಡ್ ಫೈನ್‌ಮನ್ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಕಣ ಯಾವ ದಾರಿಯನ್ನೂ ಆರಿಸುವುದಿಲ್ಲ. ಇರುವ ಎಲ್ಲ ದಾರಿಗಳೂ ಲೆಕ್ಕಕ್ಕೆ ಬರುತ್ತವೆ. ಒಂದೊಂದು ದಾರಿಗೂ ಗಡಿಯಾರದ ಮುಳ್ಳಿನಂಥ ಒಂದು ಬಾಣವಿದೆ ಎಂದುಕೊಳ್ಳಿ. ಅದು ಎಷ್ಟು ತಿರುಗಬೇಕೆಂಬುದನ್ನು ಆ ದಾರಿಯ ಕ್ರಿಯೆ ನಿರ್ಧರಿಸುತ್ತದೆ. ಅಡ್ಡಾದಿಡ್ಡಿ ದಾರಿಗಳ ಬಾಣಗಳು ದಿಕ್ಕಿಗೊಂದಾಗಿ ನಿಂತು ಪರಸ್ಪರ ಅಳಿಸಿಹೋಗುತ್ತವೆ. ದಾರಿಯನ್ನು ತುಸು ಸರಿಸಿದರೂ ಕ್ರಿಯೆ ಬದಲಾಗದಿರುವ ಕಡೆ, ಅಕ್ಕಪಕ್ಕದ ಬಾಣಗಳು ಒಂದೇ ದಿಕ್ಕಿಗೆ ತಿರುಗಿ ಕೂಡಿಕೊಳ್ಳುತ್ತವೆ. ನಮಗೆ ಕಾಣುವುದು ಆ ದಾರಿ. ಅದು ಸಾಮಾನ್ಯವಾಗಿ ಕನಿಷ್ಠದ ದಾರಿ, ಆದರೆ ಯಾವಾಗಲೂ ಅಲ್ಲ.

ಎಸೆದ ಕಲ್ಲಿನ ಕ್ರಿಯೆ, ಕ್ವಾಂಟಮ್ ಲೋಕದ ಅಳತೆಗೋಲಾದ ಪ್ಲಾಂಕ್ ಸ್ಥಿರಾಂಕಕ್ಕಿಂತ ಅಪಾರ ದೊಡ್ಡದು. ಹಾಗಾಗಿ ಅದಕ್ಕೆ ಒಂದೇ ಹಾದಿ ಉಳಿಯುತ್ತದೆ. ಪರಮಾಣುವಿನೊಳಗಿನ ಇಲೆಕ್ಟ್ರಾನಿನ ಕ್ರಿಯೆ ಆ ಸ್ಥಿರಾಂಕದ ಆಸುಪಾಸಿನದು. ಅದಕ್ಕೆ ಇಂಥದೇ ಹಾದಿ ಎಂಬುದಿಲ್ಲ.

ಫರ್ಮಾ ಹೇಳಿದ ದಾರಿ ಸರಿ, ಕ್ಲೆರ್ಸೆಲಿಯೆ ಪಟ್ಟ ಸಂಶಯವೂ ಸರಿ. ಉತ್ತರಕ್ಕೆ 286 ವರ್ಷ ಬೇಕಾಯಿತು. ಇಲ್ಲಿರುವ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಮಕ್ಕಳಿಗೆ ವಕ್ರೀಭವನದ ಸೂತ್ರ ಹೇಳಿಕೊಡುವ ದಿನ, ಆ ಆಕ್ಷೇಪವನ್ನೂ ಹೇಳಿಕೊಡಿ.