ತಲೆಕಟ್ಟು ನೋಡಿ ಫಾಂಟ್ ಆರಿಸ್ರಿ

ಬ್ಯಾಂಕ್ ಗುಮಾಸ್ತ ಫಾಂಟ್ ಬಗ್ಗೆ ಏನು ಹೇಳ್ತಾನೆ ಅಂತೀರಾ? ದಿನಾ ನೋಟೀಸು ಅಂಟಿಸೋನು ನಾನೇ. ಜನ ಯಾವುದನ್ನ ನಿಂತು ಓದ್ತಾರೆ, ಯಾವುದನ್ನ ಓದಲ್ಲ ಅಂತ ಕಂಡಿದ್ದೀನಿ.

ಕಂಬದೂರು, ಕಲ್ಯಾಣದುರ್ಗದ ಕಡೆ ನಮ್ಮ ಕಣ್ಣಿಗೆ ಎರಡೂ ಲಿಪಿ ಬೀಳ್ತವೆ. ಕನ್ನಡ, ತೆಲುಗು ಒಂದೇ ಬೇರಿನವು. ಗ, ದ, ನ, ರ ಮೈಯೆಲ್ಲ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ತಲೆ ಮೇಲೆ. ತೆಲುಗಿನ ತಲೆಕಟ್ಟು ಟಿಕ್ ಮಾರ್ಕಿನ ಹಾಗೆ ಮೇಲೇಳುತ್ತೆ, ನಮ್ಮದು ಅಡ್ಡಗೆರೆಯಾಗಿ ಮಲಗುತ್ತೆ. ಬೈಕಲ್ಲಿ ಹೋಗೋನು ಮೊದಲು ಗುರುತಿಸೋದು ಅದನ್ನೇ. ಸ್ಟೈಲಿಗೆ ಅಂತ ತಲೆಕಟ್ಟು ಮೊಂಡು ಮಾಡಿದ ಫಾಂಟು ಬೆಂಗಳೂರಲ್ಲಿ ನಡೆದೀತು, ಇಲ್ಲಿ ಬೇಡ.

ಏಕ್ ಟೈಪ್‌ನವರ ಬಲೂ ಅನ್ನೋ ಉಚಿತ ಫಾಂಟ್ ಇದೆ. ಕನ್ನಡದ್ದು 'ಬಲೂ ತಮ್ಮ', ತೆಲುಗಿನದ್ದು 'ಬಲೂ ತಮ್ಮುಡು'. (ಹೆಸರಿಟ್ಟವರು ನಮ್ಮ ಕಡೆ ಬಂದಿದ್ರೇನೋ!) ದಪ್ಪ, ದುಂಡು, ನಗುಮುಖದ ಅಕ್ಷರ. ಕಬಡ್ಡಿ ಪೋಸ್ಟರಿಗೆ ಚೆಂದ. ಅದನ್ನೇ ಶ್ರದ್ಧಾಂಜಲಿ ಫ್ಲೆಕ್ಸಿಗೆ ಹಾಕಿದ್ರೆ ಆ ಮನೆಯವರಿಗೆ ಹೇಗನ್ನಿಸ್ಬೇಕು? ಅಲ್ಲಿಗೆ ನೋಟೋ ಸೆರಿಫ್ ಕನ್ನಡದಂಥ ಗಂಭೀರವಾದದ್ದು ಇರಲಿ.

ನನಗೆ ಹೆಚ್ಚು ಬೇಜಾರು ತರೋದು ಬೇರೆ. ಮೇಲೆ ತೆಲುಗು ದಪ್ಪಗೆ, ಕೆಳಗೆ ಕನ್ನಡ ಸಣ್ಣಗೆ, ಒತ್ತಕ್ಷರ ಮುಂದಿನ ಸಾಲಿಗೆ ತಗುಲಿಕೊಂಡು. ಓದೋಕೆ ಮುಂಚೇನೇ 'ಇದು ಕಾಟಾಚಾರಕ್ಕೆ' ಅಂತ ಗೊತ್ತಾಗುತ್ತೆ. ಕನ್ನಡ ಶಾಲೆಗೆ ಮಕ್ಕಳನ್ನ ಸೇರಿಸ್ರಿ ಅನ್ನೋ ಕರಪತ್ರನೇ ಹೀಗಿದ್ರೆ ಯಾರು ಸೇರಿಸ್ತಾರೆ? ಎರಡೂ ಒಂದೇ ಅಳತೇಲಿ ಇಡ್ರಿ. ಸಾಲಿನ ನಡುವೆ ಜಾಗ ಬಿಡ್ರಿ. ಅಚ್ಚಿಗೆ ಕೊಡೋ ಮುಂಚೆ ಒಂದು ಪ್ರಿಂಟು ಗೋಡೆಗಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡ್ರಿ.