ಒಕ್ಕಲಿಗನ ಸಾಲವೂ ಹೊಲದ ನೀರೂ
(ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ವಕೀಲಿ ವೃತ್ತಿಯವರಾದ ನಾವು ಬೇಸಾಯದ ವಿಷಯವಾಗಿ ಮಾತನಾಡಲು ನಿಂತುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಒಕ್ಕಲಿಗನ ಹೊಲದಲ್ಲಿ ಬೆಳೆ ಒಣಗಿದ ಮೇಲೆ ಅದರ ಕಾಗದಪತ್ರಗಳು ಕೊನೆಗೆ ಬಂದು ಸೇರುವುದು ನಮ್ಮ ಮೇಜಿನ ಮೇಲೆಯೇ. ಸಾಲದ ದಾವೆ, ಹುಕುಮನಾಮೆ, ದರಖಾಸ್ತು, ಹೊಲದ ಲಿಲಾವು, ಹೀಗೆ ಒಂದೊಂದೇ ಮೆಟ್ಟಿಲನ್ನು ಅವನು ಇಳಿಯುವುದನ್ನು ನಾವು ಕಾಣುತ್ತ ಬಂದಿದ್ದೇವೆ. ಆ ಕಾಗದಗಳಲ್ಲಿ ಬಡ್ಡಿಯ ದರವಿರುತ್ತದೆ, ಕಂತಿನ ತಾರೀಖಿರುತ್ತದೆ. ಆ ವರ್ಷ ಎಷ್ಟು ಮಳೆ ಬಿದ್ದಿತು, ಬಿದ್ದುದರಲ್ಲಿ ಎಷ್ಟು ಹೊಲದಲ್ಲಿ ನಿಂತಿತು ಎಂಬುದು ಮಾತ್ರ ಇರುವುದಿಲ್ಲ. ಸಾಲದ ಬೇರು ಆ ಬರೆಯದೆ ಉಳಿದ ಸಾಲಿನಲ್ಲಿಯೇ ಇದೆಯೆಂದು ತಮ್ಮ ಮುಂದೆ ಬಿನ್ನವಿಸುವುದೇ ಈ ಭಾಷಣದ ಉದ್ದೇಶವು.

ಕಾನೂನು ಒಕ್ಕಲಿಗನನ್ನು ಕಾಯಲು ಯತ್ನಿಸಲಿಲ್ಲವೆಂದಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. ಆ ಬಳಿಕ 1879ರಲ್ಲಿ ದಖ್ಖನದ ಒಕ್ಕಲಿಗರ ಪರಿಹಾರ ಕಾಯಿದೆ ಬಂದಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ವ್ಯವಹಾರದ ಮೂಲವನ್ನು ಶೋಧಿಸುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿಯೂ 1976ರಲ್ಲಿ ಋಣ ಪರಿಹಾರ ಕಾಯಿದೆಯಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಕಾಯಿದೆಯು ಸಾಲವನ್ನು ಅಳಿಸಬಲ್ಲುದು, ಹಗೇವನ್ನು ತುಂಬಿಸಲಾರದು. ಹಗೇವು ಬರಿದಾಗಿರುವ ತನಕ ಋಣಮುಕ್ತನಾದವನೂ ಮುಂದಿನ ಬಿತ್ತಿಗೆಗೆ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಾಗುವುದು. ಇಲ್ಲವೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗಬೇಕಾಗುವುದು.

ಹಾಗಾದರೆ ಹಗೇವು ತುಂಬುವ ದಾರಿ ಯಾವುದು? ಕಾಲುವೆಯೆಂದು ಹಲವರು ಹೇಳುವರು. ಕಾಲುವೆಗಳು ಆಗಲಿ, ಬೇಡವೆನ್ನುವವರಾರು? ಆದರೆ ಕರ್ನಾಟಕದ ಸಾಗುವಳಿಯ ಬಹುಭಾಗವು ಇಂದಿಗೂ ಮಳೆಯನ್ನೇ ನಂಬಿದ ಭೂಮಿ. ಕಾಲುವೆ ಮುಟ್ಟದ ಆ ಹೊಲಗಳಿಗೆ ನೀರು ಬರುವುದು ಆಕಾಶದಿಂದಲೇ.

ಆ ನೀರಿನ ಲೆಕ್ಕವನ್ನಾದರೂ ನಾವು ಮಾಡಿದ್ದೇವೆಯೇ? ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರು ನೀರು. ವಿಜಾಪುರದ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಎಂದರೆ ಎಕರೆಗೆ ಸುಮಾರು 24 ಲಕ್ಷ ಲೀಟರು. ಇದು ಸಣ್ಣ ಸಂಪತ್ತಲ್ಲ. ಆದರೆ ಅದು ಹದವಾಗಿ ಬಾರದೆ ಕೆಲವೇ ದಿನ ಭೋರೆಂದು ಸುರಿಯುತ್ತದೆ. ನೆನೆದ ಎರೆಮಣ್ಣು ಬೇಗನೆ ನೀರು ಕುಡಿಯದು. ಇಳಿಜಾರಿನಲ್ಲಿ ನೀರು ಓಡುವುದು, ಓಡುವಾಗ ಮೇಲ್ಮಣ್ಣನ್ನೂ ಹೊತ್ತೊಯ್ಯುವುದು. ಡೋಣಿ ಬೆಳೆದರೆ ಓಣಿಗೆಲ್ಲ ಜೋಳವೆಂಬ ಮಾತು ಆ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಡೋಣಿಗೆ ಹರಿದುಹೋಗುವ ಮಣ್ಣು ಯಾರ ಹೊಲದ್ದೆಂದು ಕೇಳುವವರು ಮಾತ್ರ ಕಡಿಮೆ.

ಕೃಷಿವಿಜ್ಞಾನವು ಹೇಳುವ ಮಾತು ಸರಳವಾಗಿದೆ: ಬಿದ್ದ ನೀರನ್ನು ಬಿದ್ದಲ್ಲಿಯೇ ನಿಲ್ಲಿಸಿರಿ, ನಿಂತುದನ್ನು ಆವಿಯಾಗದಂತೆ ಕಾಯಿರಿ, ಕಾಯ್ದುದನ್ನು ಬೆಳೆಗೆ ಹಂಚಿರಿ. ನಿಲ್ಲಿಸುವುದಕ್ಕೆ ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯ ಒಡ್ಡುಗಳು. ಹಿಂಗಾರಿಗೆ ಬಿಟ್ಟ ಎರೆಹೊಲದಲ್ಲಿ ಮುಂಗಾರಿ ಮಳೆ ಇಂಗುವಂತೆ ಸಣ್ಣ ಸಣ್ಣ ಚೌಕುಮಡಿಗಳು. ಕಾಯುವುದಕ್ಕೆ ಹರಗುವಿಕೆ: ಎರೆಭೂಮಿ ಒಣಗಿ ಬಿರಿದಾಗ ಆ ಬಿರುಕುಗಳಿಂದಲೇ ಒಳಗಿನ ತೇವ ಹೊರಟುಹೋಗುವುದರಿಂದ, ಎಡೆಕುಂಟೆ ಹೊಡೆದು ಬಿರುಕನ್ನು ಪುಡಿಮಣ್ಣಿನಿಂದ ಮುಚ್ಚಬೇಕು. ಹಂಚುವುದಕ್ಕೆ ಸಾಲುಗಳನ್ನು ಅಗಲಿಸಿ, ಬೀಜವನ್ನು ಕಡಿಮೆ ಮಾಡಿ ಕೂರಿಗೆಯಿಂದ ಬಿತ್ತುವುದು. ಕುಂಟೆ, ಕೂರಿಗೆಗಳು ನಮ್ಮ ಒಕ್ಕಲಿಗನವೇ. ವಿಜ್ಞಾನವು ಅವನನ್ನು ಅಜ್ಞಾನಿಯೆಂದು ಹಳಿಯಲು ಬಂದುದಲ್ಲ. ಅವನ ಕೈಯ ಕಸುಬಿಗೆ ಅಳತೆಯನ್ನು ಕೂಡಿಸಲು ಬಂದುದು.

ಈ ಜ್ಞಾನ ಹೊಸತೂ ಅಲ್ಲ. 1923ರಲ್ಲಿಯೇ ಪುಣೆಯ ಹತ್ತಿರದ ಮಾಂಜರಿಯಲ್ಲಿ ಪ್ರಯೋಗಗಳು ಮೊದಲಾದವು. 1933ರಿಂದ 1935ರ ವರೆಗಿನ ಅವಧಿಯಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹತಕ ಎಂಬ ಐದು ಸ್ಥಳಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಏರ್ಪಟ್ಟವು. ಗಮನಿಸಿರಿ: ಐದರಲ್ಲಿ ಮೂರು ಕನ್ನಡ ನೆಲದಲ್ಲಿಯೇ. ಆದರೆ ವಿಜಾಪುರ ಮುಂಬಯಿ ಸರಕಾರದ್ದು, ಹಗರಿ ಮದರಾಸಿನದು, ರಾಯಚೂರು ನಿಜಾಮನದು. ಮಣ್ಣು ಒಂದು, ಜೋಳ ಒಂದು, ರೈತನ ಭಾಷೆ ಒಂದು; ದೊರೆಗಳು ಮಾತ್ರ ಮೂವರು! 1956ರಲ್ಲಿ ನಾಡು ಒಂದಾದ ಮೇಲೆ ಆ ಮೂರು ಕೇಂದ್ರಗಳೂ ಒಂದೇ ರಾಜ್ಯದೊಳಗೆ ಬಂದವು. 1964ರಲ್ಲಿ ಬೆಂಗಳೂರಿನಲ್ಲಿಯೂ 1986ರಲ್ಲಿ ಧಾರವಾಡದಲ್ಲಿಯೂ ಕೃಷಿ ವಿಶ್ವವಿದ್ಯಾಲಯಗಳಾದವು, ಅನಂತರ ರಾಯಚೂರಿನಲ್ಲಿಯೂ ಆಯಿತು. ನಾಡಿನ ಏಕೀಕರಣವಾಯಿತು. ವಿದ್ಯೆಯ ಮತ್ತು ಹೊಲದ ಏಕೀಕರಣವಾಗುವುದು ಇನ್ನೂ ಉಳಿದಿದೆ.

ಅದೇಕೆ ಉಳಿಯಿತು? ಸತ್ಯವನ್ನು ಮರೆಮಾಚಲಾಗದು. ಆ ಹಳೆಯ ಪದ್ಧತಿಯಿಂದ ಇಳುವರಿ ನೂರಕ್ಕೆ 15ರಿಂದ 20ರಷ್ಟು ಮಾತ್ರ ಹೆಚ್ಚಿತು. ಹೆಕ್ಟೇರಿಗೆ 200ರಿಂದ 400 ಕಿಲೋ ಬೆಳೆಯುವವನಿಗೆ ಅದು ಅಲ್ಪ ಲಾಭ. ಒಬ್ಬನೇ ಒಡ್ಡು ಹಾಕಿದರೆ ಮೇಲಿನ ಹೊಲದವನ ನೀರು ನುಗ್ಗಿ ಅದನ್ನು ಒಡೆಯುವುದು. ಆದುದರಿಂದ ರೈತನು ಹಿಂಜರಿದರೆ ಅದು ಸೋಮಾರಿತನವಲ್ಲ, ಲೆಕ್ಕಾಚಾರವೇ ಸರಿ. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಸಂಶೋಧನ ಯೋಜನೆ ಮೊದಲಾದ ಮೇಲೆ ನೀರು, ತಳಿ, ಗೊಬ್ಬರಗಳನ್ನು ಕೂಡಿಸಿ ನೋಡುವ ದೃಷ್ಟಿ ಬೆಳೆಯಿತು. 2001ರಲ್ಲಿ ತೊಡಗಿದ ಸುಜಲ ಯೋಜನೆಯು ಒಬ್ಬೊಬ್ಬರ ಹೊಲವನ್ನು ಬಿಟ್ಟು ಇಡಿಯ ಜಲಾನಯನವನ್ನೇ ಹಿಡಿಯಿತು. 2009ರ ಭೂಚೇತನದಲ್ಲಿ ಮಣ್ಣು ಪರೀಕ್ಷೆಯಿಂದ ಕಂಡುಬಂದುದೇನೆಂದರೆ, ನಮ್ಮ ಒಣಹೊಲಗಳಿಗೆ ನೀರಿನ ಬರವಷ್ಟೇ ಅಲ್ಲ, ಗಂಧಕ, ಸತು, ಬೋರಾನುಗಳ ಕೊರತೆಯೂ ಉಂಟು. ಮಣ್ಣು ಹಸಿದಿದ್ದರೆ ಬಂದ ಮಳೆಯೂ ಪೂರ್ತಿ ಕಾಳಾಗುವುದಿಲ್ಲ.

ಹೀಗೆ ವಿದ್ಯೆ ಇದೆ. ಅದನ್ನು ಹೊಲದ ಬದುವಿನ ತನಕ ಒಯ್ಯುವವರು ಯಾರು? ಶಿಕ್ಷಕ ಬಂಧುಗಳೇ, ಈ ಪ್ರಶ್ನೆ ನಿಮ್ಮನ್ನೇ ನೋಡುತ್ತಿದೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಡಿರಿ. ಮಕ್ಕಳು ದಿನವೂ ಅಳೆದು ಹೊರಗಿನ ಹಲಗೆಯ ಮೇಲೆ ಬರೆಯಲಿ. ಎಕರೆಗೆ ಎಷ್ಟು ಲೀಟರಾಯಿತೆಂಬ ಗಣಿತವನ್ನು ಮಾಡಿಸಿರಿ. ಆ ಲೆಕ್ಕ ಮಗನ ಬಾಯಿಂದ ತಂದೆಯ ಕಿವಿಗೆ ತಾನಾಗಿ ಮುಟ್ಟುವುದು. ಮಣ್ಣು ಪರೀಕ್ಷೆಯ ಚೀಟಿಯನ್ನು ಓದಿ ತಿಳಿಸಿರಿ. ಒಂದೇ ಇಳಿಜಾರಿನ ಹೊಲದವರನ್ನು ಬೇಸಗೆಯಲ್ಲಿ ಕಟ್ಟೆಯ ಮೇಲೆ ಕೂಡಿಸಿ, ಮೇಲಿನಿಂದ ಕೆಳಗಿನ ವರೆಗೆ ಒಟ್ಟಾಗಿ ಒಡ್ಡು ಹಾಕುವಂತೆ ಒಡಂಬಡಿಸಿರಿ. ಬದುವಿನ ಜಗಳವೆದ್ದರೆ ನಮ್ಮಂಥ ವಕೀಲರನ್ನು ಕರೆಯಿರಿ. ದಾವೆ ಹೂಡಲಿಕ್ಕಲ್ಲ, ರಾಜಿ ಮಾಡಿಸಲಿಕ್ಕೆ. ಬ್ಯಾಂಕು, ಸಹಕಾರಿ ಸಂಘಗಳ ಸಾಲವು ಬಿತ್ತಿಗೆಯ ಹದ ಮೀರುವ ಮುನ್ನ ರೈತನ ಕೈ ಸೇರುವಂತೆ ಪಟ್ಟಣದವರಾದ ನಾವು ಒತ್ತಾಯಿಸೋಣ.

ಇದರಿಂದ ಬರವು ಬಾರದೆ ಹೋಗದು. ಆದರೆ ಒಂದು ಮಳೆ ತಪ್ಪಿದರೆ ಹೊಲವೇ ಕೈತಪ್ಪುವ ದುರವಸ್ಥೆ ತಪ್ಪೀತು; ಬಿದ್ದ ಮಳೆಯಲ್ಲಿ ಒಂದಂಶ ಹೆಚ್ಚಾಗಿ ನಿಂತರೂ ದನಕ್ಕೆ ಕಣಿಕೆ, ಮನೆಗೆ ಜೋಳ ಉಳಿದೀತು. ಲಿಲಾವಿನ ನೋಟೀಸು ಬಂದ ಮೇಲೆ ನಮ್ಮ ಬಳಿಗೆ ಬರುವ ಒಕ್ಕಲಿಗನಿಗೆ ನಾವು ಕೊಡಿಸಬಲ್ಲುದು ವಾಯಿದೆ ಮಾತ್ರ. ಅವನು ನಮ್ಮ ಬಳಿಗೆ ಬಾರದಂತೆ ಮಾಡುವ ಶಕ್ತಿ ತಮ್ಮಲ್ಲಿದೆ. ಈ ಮುಂಗಾರಿಗೆ ಮೊದಲೇ ಕೆಲಸಕ್ಕೆ ತೊಡಗಬೇಕೆಂದು ಪ್ರಾರ್ಥಿಸಿ, ನಮ್ಮ ಎರಡು ಮಾತುಗಳನ್ನು ಮುಗಿಸುತ್ತೇವೆ.