ಸರಪಳಿ ಕಡದ್ರ ಮತ್ತ ಕಟ್ಟೋದು: ಕೋಚ್ ಬಿ.ಸಿ. ರಮೇಶ್ ಮತ್ತು ನಮ್ಮ ಶಹಾಪುರದ ಹುಡುಗರು

ಶಹಾಪುರದಿಂದ ಮಾತಾಡ್ಲಿಕತ್ತೀನಿ.

ಮೊದಲು ಒಂದು ಪ್ರಶ್ನೆ. ಪ್ರೊ ಕಬಡ್ಡಿಯ ಐದು ರೇಡರ್‌ಗಳ ಹೆಸರು ಹೇಳ್ರಿ. ಪವನ್ ಸೆಹ್ರಾವತ್, ಪ್ರದೀಪ್ ನರ್ವಾಲ್, ಮಣಿಂದರ್ ಸಿಂಗ್... ಪಟಪಟ ಬರ್ತಾವ. ಈಗ ಐದು ಡಿಫೆಂಡರ್? ಎರಡನೇ ಹೆಸರಿಗೇ ತಡವರಿಸ್ತೀರಿ. ಇನ್ನ ಆ ಡಿಫೆಂಡರ್‌ಗಳನ್ನ ನಿಲ್ಲಿಸಿದ ಕೋಚ್ ಯಾರಂದ್ರ, ಎಲ್ಲರೂ ಸುಮ್ಮನಾಗ್ತಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬರೀ ಡಿಫೆನ್ಸ್ ನೋಡಿಕೊಳ್ಳಲಿಕ್ಕೇ ಬೇರೆ ಕೋಚ್ ಇರ್ತಾನ. ಕಬಡ್ಡಿಯೊಳಗ ಆ ಭಾರನೂ ಹೆಚ್ಚಾಗಿ ಮುಖ್ಯ ಕೋಚ್ ಹೆಗಲ ಮ್ಯಾಲೇ ಬೀಳ್ತದ. ಇವತ್ತು ಅಂಥ ಒಬ್ಬ ಕೋಚ್ ಬಗ್ಗೆ ಹೇಳ್ತೀನಿ. ನಮ್ಮ ಕರ್ನಾಟಕದವರೇ, ಬಿ.ಸಿ. ರಮೇಶ್. ಭಾರತಕ್ಕ ಆಡಿದವರು, 2001ರ ಅರ್ಜುನ ಪ್ರಶಸ್ತಿ ಪಡೆದವರು.

ಅವರ ಕೋಚಿಂಗ್ ಲೆಕ್ಕ ನೋಡ್ರಿ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಕಪ್ ಗೆದ್ದಾಗ ತಂಡದ ತರಬೇತಿ ಬಳಗದಲ್ಲಿ ಅವರಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಹಮದಾಬಾದ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್. ಎದುರಿಗೆ ದಬಾಂಗ್ ದೆಹಲಿ, ಸ್ಕೋರು 39–34. ಆ ಫೈನಲ್‌ಗೆ ನಾಯಕ ಮಣಿಂದರ್ ಗಾಯದಿಂದ ಇಳಿದಿರಲಿಲ್ಲ, ನೆನಪಿಡ್ರಿ. 2022ರ ಡಿಸೆಂಬರ್‌ನಲ್ಲಿ ಪುಣೇರಿ ಪಲ್ಟನ್ ಜೊತೆ ಫೈನಲ್. ಜೈಪುರದ ಎದುರು 33–29ರಿಂದ ಸೋಲು. 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಅದೇ ಪುಣೇರಿ ಹರ್ಯಾಣವನ್ನು 28–25ರಿಂದ ಸೋಲಿಸಿತು.

ಆ ಮಾರ್ಚ್ 1ರ ಮ್ಯಾಚ್ ನನಗ ಯಾಕ ಮುಖ್ಯ ಅಂತ ಹೇಳಬೇಕು.

ನಾನು ಇಲ್ಲಿ ಸಂಜಿ ಹೊತ್ತು ಹುಡುಗರಿಗೆ ಕಬಡ್ಡಿ ಕಲಿಸ್ತೀನಿ. ಮ್ಯಾಟ್ ಇಲ್ರಿ, ಎರಿ ಮಣ್ಣು. ಮಳಿ ಬಂದ್ರ ರಜಾ. ಬಂದವನೆಲ್ಲ ರೇಡರ್ ಆಗ್ತೀನಿ ಅಂತಾನ. ಮೂರು ವರ್ಷದಾಗ ನನಗ ಸಿಕ್ಕಿದ್ದು ಒಬ್ಬನೇ ಒಬ್ಬ ಒಳ್ಳೆ ಲೆಫ್ಟ್ ಕಾರ್ನರ್.

ಕಾರ್ನರ್ ಕೆಲಸ ಏನಂದ್ರ, ಕಾಯೋದು. ರೇಡರ್‌ಗೆ 30 ಸೆಕೆಂಡ್ ಇರ್ತದ. ಅವ ಕಾಲು ಚಾಚ್ತಾನ, ಆಸೆ ತೋರಿಸ್ತಾನ. ಮೊದಲು ಹಾರಿದವ ಔಟ್. ಅವನ ತೂಕ ಒಂದು ಕಾಲಿನ ಮ್ಯಾಲೆ ಬಂದಾಗ ಪಾದ ಹಿಡೀಬೇಕು. ಹಿಡದ್ರೂ ಸಾಲಂಗಿಲ್ಲ, ಪಕ್ಕದ ಕವರ್ ಅದೇ ಗಳಿಗಿಗೆ ಬಂದು ಬೀಳಬೇಕು. ಅದಕ್ಕೇ ಕೈ ಕೈ ಹಿಡಿದು ನಿಲ್ಲೋದು, ಸರಪಳಿ. ಆ ಕೈಯಾಗಿನ ಒಂದು ಸಣ್ಣ ಒತ್ತಿನ್ಯಾಗ ಮಾತು ಇರ್ತದ: ‘ಈಗಲ್ಲ’, ‘ಈಗ’. ಇದು ಒಂದು ವಾರದಾಗ ಬರೋದಲ್ಲ, ವರ್ಷಗಟ್ಟಲೆ ಜೋಡಿ ನಿಂತ್ರ ಬರ್ತದ.

ಸುರಪುರದ ಹುಡುಗರು ನಮ್ಮ ಜೋಡಿ ಆಡಲಿಕ್ಕೆ ಬಂದಾಗ ಚಾಷ್ಟಿ ಮಾಡ್ತಾರ: ‘1705ರಾಗ ಔರಂಗಜೇಬನೇ ಖುದ್ದು ವಾಗಿಣಗೇರಿ ಕೋಟಿ ಮುತ್ತಿಗಿ ಹಾಕಿದಾಗ ನಮ್ಮವರು ತಡದು ನಿಂತಾರ, ನಿಮ್ಮ ರೇಡರ್ ಯಾವ ಲೆಕ್ಕ?’ ಆದ್ರೂ ನನ್ನ ಕಾರ್ನರ್ ಹುಡುಗ ಇರೋತನ ಅವರ ಆಟ ನಡೀತಿರಲಿಲ್ಲ.

ಆಮ್ಯಾಲೆ ನಮ್ಮ ಕಡಿ ಪ್ರತಿ ವರ್ಷ ಆಗೋದೇ ಆಯ್ತು. ತೊಗರಿ ರಾಶಿ ಮುಗೀತು, ಮನಿ ಮಂದಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಹೊಂಟರು, ಅವನೂ ಹೊಂಟ. ಯಾದಗಿರಿ ಸ್ಟೇಷನ್‌ತನ ಬಿಟ್ಟು ಬಂದೆ. ತಡೀಲಿಕ್ಕ ನನ್ನ ಹತ್ರ ಏನಿತ್ತು? ಮುಂದಿನ ಜಾತ್ರಿ ಮ್ಯಾಚಿನ್ಯಾಗ ಅವನ ಜಾಗದಾಗ ನಿಂತ ಹುಡುಗ ಪ್ರತಿ ರೇಡಿಗೂ ಮೊದಲೇ ಹಾರಿದ. ದೊಡ್ಡ ಸೋಲು. ಇನ್ನ ಕೋಚಿಂಗ್ ಸಾಕು ಅಂದ್ಕೊಂಡೆ. ಕಟ್ಟೋದು ನಾನು, ಒಯ್ಯೋದು ರೈಲು.

ಅಂಥ ಹೊತ್ತಿನ್ಯಾಗ ಮೊಬೈಲ್‌ನಾಗ ಆ ಫೈನಲ್ ನೋಡಿದೆ. ನೋಡ್ತಾ ಒಂದು ತಲಿಗೆ ಹೊಳೀತು. ಹಿಂದಿನ ಫೈನಲ್ ಸೋತ ವರ್ಷ ಪುಣೇರಿ ಡಿಫೆನ್ಸ್‌ನ ದೊಡ್ಡ ಹೆಸರು ಇರಾನಿನ ಫಜಲ್ ಅತ್ರಾಚಲಿ. 2023ರ ಹರಾಜಿನಲ್ಲಿ ಅವರು 1.60 ಕೋಟಿಗೆ ಗುಜರಾತ್‌ಗೆ ಹೋದರು. ಪಟ್ನಾದಲ್ಲಿದ್ದ ಇನ್ನೊಬ್ಬ ಇರಾನಿ, ಲೆಫ್ಟ್ ಕಾರ್ನರ್ ಮೊಹಮ್ಮದ್‌ರೇಜಾ ಶಾದ್ಲೂಯಿ 2.35 ಕೋಟಿಗೆ ಪುಣೇರಿಗೆ ಬಂದರು. ಸರಪಳಿಯ ಕೊಂಡಿಯೇ ಬದಲಾಯ್ತು. ಹೊಸಬನ ಭಾಷೆ ಬೇರೆ, ಅಭ್ಯಾಸ ಬೇರೆ. ರಮೇಶ್ ಅವರು ಅದನ್ನ ಅಭಿನೇಶ್, ಗೌರವ್ ಖತ್ರಿ ಅವರಂಥ ಹುಡುಗರ ಜೋಡಿ ಹೊಂದಿಸಿ ಕಪ್ ಎತ್ತಿಸಿದರು. ಮುಂದಿನ ಹರಾಜಿನಲ್ಲಿ ಶಾದ್ಲೂಯಿನೂ ಹೋದರು, ಹರ್ಯಾಣಕ್ಕ! 2025ಕ್ಕ ರಮೇಶ್ ಅವರೇ ಬೆಂಗಳೂರು ಬುಲ್ಸ್‌ಗೆ ಬಂದರು, ಮತ್ತ ಹೊಸ ಹುಡುಗರ ಜೋಡಿ ಮೊದಲಿಂದ.

ಅಂದ್ರ ಕೋಟಿ ರೂಪಾಯಿ ಲೀಗಿನ ಕೋಚ್‌ಗೂ ಕಟ್ಟಿದ ಸರಪಳಿ ಉಳಿಯಂಗಿಲ್ಲ. ಅವರದು ಹರಾಜು, ನಮ್ಮದು ರೈಲು. ಎರಡೂ ಒಂದೇ ಅಂತ ಹೇಳಂಗಿಲ್ರಿ, ಹರಾಜಿನ್ಯಾಗ ಹೋದವಗ ಕೋಟಿ ಸಿಗ್ತದ, ನಮ್ಮ ಹುಡುಗಗ ದಿನಗೂಲಿ. ಆದ್ರ ಕೋಚ್ ಮಾಡಬೇಕಾದ ಕೆಲಸ ಮಾತ್ರ ಒಂದೇ: ಕಡದ ಜಾಗದಾಗ ಮತ್ತೊಂದು ಕೈ ಕೂಡಿಸೋದು.

ಮರುದಿನ ಸಂಜಿ ಆ ಹೊಸ ಹುಡುಗನ ಕೈಯನ್ನ ಕವರ್ ಹುಡುಗನ ಕೈಯಾಗ ಇಟ್ಟು ಹೇಳಿದೆ: ‘ಇವತ್ತು ಹಿಡೀಬ್ಯಾಡ. ಬರೀ ಕಾಯಿ.’ ಒಂದು ತಾಸು ಬರೀ ಕಾದ. ಸಿಟ್ಟಾದ, ಆದ್ರ ಕಾದ. ಈಗ ಮೂರು ಹಾರಿಕಿಯೊಳಗ ಒಂದು ಸರಿ ಬೀಳ್ತದ. ಸುರಪುರದವರ ಮ್ಯಾಲೆ ಇನ್ನೂ ಗೆದ್ದಿಲ್ಲ.

ಬೆಂಗಳೂರಿನ ಹುಡುಗ ಒಂದು ಐತಾರ ಫೋನ್ ಮಾಡಿದ್ದ. ಶೆಡ್ ಹತ್ರ ಖಾಲಿ ಸೈಟ್ ಅದ, ರಾಯಚೂರ ಕಡಿಯವರು, ಕೊಪ್ಪಳದವರು ಕೂಡಿ ಆಡ್ತಾರಂತ. ‘ಸರ, ಇಲ್ಲಿ ಎಲ್ಲರೂ ಮೊದಲೇ ಹಾರ್ತಾರ್ರಿ, ನಾನೇ ಕಲಸ್ಲಿಕತ್ತೀನಿ’ ಅಂದ.

ಇಷ್ಟೇ ಇವತ್ತಿನ ಮಾತು. ಮುಂದಿನ ಮ್ಯಾಚ್ ನೋಡೋವಾಗ ರೇಡರ್ ಬಿಟ್ಟು ಒಂದೈದು ನಿಮಿಷ ಕಾರ್ನರ್ ಹುಡುಗನ ಕೈ ನೋಡ್ರಿ. ನಿಮ್ಮೂರಾಗ ಕಲಿಸೋರು ಯಾರಾದ್ರೂ ಇದ್ರ, ಸಂಜಿ ಹೋಗಿ ಮಾತಾಡ್ಸ್ರಿ.